ಸೊನ್ನಲಿಗೆಯಿಂದ ಚೀನಾದವರೆಗೆ: ಭಾಷೆ ಕಲಿಸಹೊರಟವರನ್ನು ಕುರಿತು

2025ರ ಶ್ರಾವಣ ಮಾಸದ ಕಡೆಯ ಸೋಮವಾರ. ಸಂಜೆಯ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದು ಕುಳಿತಿದ್ದೆ. ಚಿಕ್ಕಜಾಜೂರಿನಿಂದ ಎರಡು ಹರದಾರಿ ದೂರದ ಹಳ್ಳಿಯ ಒಂದು ಕುಟುಂಬ ಮನೆಗೆ ಬಂದಿತು. ನಾಲ್ಕು ಎಕರೆ ಅಡಕೆ ತೋಟವನ್ನು ನಂಬಿ ಬಾಳುತ್ತಿರುವ, ಮರ್ಯಾದಸ್ಥರಾದ ತಂದೆತಾಯಿ. ಜೊತೆಯಲ್ಲಿ ಅವರ ಒಬ್ಬಳೇ ಮಗಳು. ಆಕೆ ಪ್ರೌಢಶಾಲೆಯಲ್ಲಿದ್ದಾಗ ಮೂರು ವರ್ಷ ನನ್ನ ಬಳಿ ಸಂಸ್ಕೃತ ಓದಿದವಳು; ಮುಂದೆ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಒಂದು ಖಾಸಗಿ ಶಾಲೆಯಲ್ಲಿ ಒಂದು ವರ್ಷ ಉಪಾಧ್ಯಾಯಿನಿಯಾಗಿದ್ದಳು. ಶರಣು ಹೇಳಿ ಕುಳಿತವರು ಬಹಳ ಹೊತ್ತು ಮಳೆ, ಕೊಳೆರೋಗ, ಅಡಕೆಯ ಧಾರಣೆ ಎಂದು ಮಾತನಾಡಿದರು. ಬಂದ ಕಾರಣ ಬೇರೆಯೇ ಇದೆಯೆಂಬುದು ತಾಯಿಯ ಮುಖದಿಂದ ತಿಳಿಯುತ್ತಿತ್ತು.

ಕಡೆಗೆ ಆ ತಾಯಿಯೇ ಬಾಯಿಬಿಟ್ಟರು: "ಶಾಸ್ತ್ರಿಗಳೇ, ನೀವೇ ಒಂದು ಮಾತು ಹೇಳ್ರಿ ಇವಳಿಗೆ. ಚೀನಾಕ್ಕೆ ಹೋಗ್ತೀನಿ ಅಂತ ಕುಂತಾಳೆ. ಸಂಬಳ ಇಲ್ವಂತೆ, ಸಾರಿಗೆ ಇಲ್ವಂತೆ. ಪುಕ್ಕಟೆ ಪಾಠ ಹೇಳಾಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಅದೂ ಆ ಕೊರೋನಾ ಊರಿಗೆ!"

ವಿಷಯ ಇಷ್ಟು. ಚೀನಾ ದೇಶದ ವೂಹಾನ್ ನಗರದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಸ್ವಯಂಸೇವಕರು ಬೇಕಾಗಿದ್ದಾರೆಂದು ಯಾರೋ ಒಬ್ಬ ಮಧ್ಯವರ್ತಿ ಆಕೆಗೆ ತಿಳಿಸಿದ್ದ. ವಸತಿ ಮತ್ತು ಊಟ ಉಚಿತ, ಕೈಖರ್ಚಿಗೆ ಅಲ್ಪಸ್ವಲ್ಪ ಹಣ, ಹತ್ತು ತಿಂಗಳ ಅವಧಿ, ಕಡೆಯಲ್ಲಿ ಒಂದು ಪ್ರಮಾಣಪತ್ರ. ನೋಂದಣಿಗೆಂದು ಇಪ್ಪತ್ತೈದು ಸಾವಿರ ರೂಪಾಯಿಗಳನ್ನು ಆಕೆ ತನ್ನ ಉಳಿತಾಯದಿಂದ ಆಗಲೇ ಕಟ್ಟಿಬಿಟ್ಟಿದ್ದಳು. ಈ ಸಂಗತಿ ತಂದೆಗೆ ತಿಳಿದದ್ದು ನಮ್ಮ ಪಡಸಾಲೆಯಲ್ಲಿಯೇ.

ಹುಡುಗಿ ತಲೆ ತಗ್ಗಿಸಲಿಲ್ಲ. "ಗುರುಗಳೇ, ಕಲಿತ ವಿದ್ಯೆ ದಾಸೋಹಕ್ಕೆ ಸಲ್ಲಬೇಕು ಎಂದು ನೀವೇ ಹೇಳಿದ್ದಿರಿ. ಈಗ ಸಲ್ಲಿಸಲು ಹೊರಟರೆ ಎಲ್ಲರೂ ಅಳುತ್ತೀರಿ" ಎಂದಳು.

ಈ ಮಾತಿಗೆ ನಾನು ಒಡನೆಯೇ ಉತ್ತರಿಸಲಿಲ್ಲ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಇಂಥದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದ್ದಿರುವುದರಿಂದ, ಅಂದು ಆ ಕುಟುಂಬದೊಡನೆ ಆಡಿದ ಮಾತುಗಳನ್ನೂ ಅನಂತರ ನಾನು ವಿಚಾರಿಸಿ ತಿಳಿದ ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ವೂಹಾನ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ತಾಯಿ ಬೆಚ್ಚಿದ್ದು ಸಹಜವೇ. 2020ರ ಜನವರಿ 23ರಂದು ಆ ನಗರದ ಬಾಗಿಲು ಮುಚ್ಚಿತು. 76 ದಿನಗಳ ತರುವಾಯ ಏಪ್ರಿಲ್ 8ರಂದು ತೆರೆಯಿತು. ಅಲ್ಲಿ ಓದುತ್ತಿದ್ದ ನಮ್ಮ ದೇಶದ ಮಕ್ಕಳನ್ನು ಫೆಬ್ರವರಿಯ ಮೊದಲ ಎರಡು ದಿನಗಳಲ್ಲಿ ಏರ್ ಇಂಡಿಯಾ ವಿಮಾನಗಳು ಕರೆತಂದವು. ಆದರೆ ಒಂದು ಊರಿಗೆ ಒಂದು ರೋಗದ ಹೆಸರನ್ನು ಶಾಶ್ವತವಾಗಿ ಅಂಟಿಸುವುದು ನ್ಯಾಯವಲ್ಲ. ಯಾಂಗ್‌ಟ್ಸಿ ಮಹಾನದಿಗೆ ಹಾನ್ ನದಿ ಬಂದು ಕೂಡುವ ಸಂಗಮದಲ್ಲಿ ಹಾನ್‌ಕೌ, ವೂಚಾಂಗ್, ಹಾನ್‌ಯಾಂಗ್ ಎಂಬ ಮೂರು ಊರುಗಳು ಒಂದಾಗಿ ಬೆಳೆದ ನಗರವದು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1 ಕೋಟಿ 20 ಲಕ್ಷವನ್ನು ಮೀರಿದೆ. ಕೂಡಲಿಯಲ್ಲಿ ತುಂಗಭದ್ರೆಯರ ಸಂಗಮವನ್ನು ಕಂಡ ನಮಗೆ ಅಂಥ ನೆಲೆಯ ಮಹತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಹಾನ್‌ಕೌ ಎಂದಾಗ ನನಗೆ ನೆನಪಾದವರು ಸೊಲ್ಲಾಪುರದ ಒಬ್ಬ ತರುಣರು. ಸೊಲ್ಲಾಪುರವೆಂದರೆ ನಮಗೆ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿ, ಜನಹಿತವನ್ನೇ ಯೋಗವೆಂದು ಬಗೆದು, ಅಲ್ಲಮಪ್ರಭುಗಳ ದರ್ಶನದಿಂದ ಕಲ್ಯಾಣದ ದಾರಿ ಹಿಡಿದ ಪುಣ್ಯಭೂಮಿ. ಇಂದು ಅದು ಮಹಾರಾಷ್ಟ್ರದಲ್ಲಿದ್ದರೂ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಎದ್ದಾಗ ಅಲ್ಲಿ ಕನ್ನಡವೂ ಮರಾಠಿಯೂ ಒಂದೇ ಜಯಘೋಷದಲ್ಲಿ ಬೆರೆಯುತ್ತವೆ. ಆ ಊರಿನಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದವರು ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್. ಅವರು ನಮ್ಮ ಸಮಾಜದವರಲ್ಲ, ಮನೆಮಾತು ಕನ್ನಡವೂ ಅಲ್ಲ. ಆದರೂ ಸಿದ್ಧರಾಮರ ಕೆರೆಯ ನೀರು ಕುಡಿದು ಬೆಳೆದವರೆಂಬ ಸಲಿಗೆಯಿಂದ ಅವರನ್ನು ನಮ್ಮವರೆನ್ನುತ್ತೇನೆ.

ಕೋಟ್ನಿಸರು ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದರು. ಜಪಾನೀ ಸೈನ್ಯ ಚೀನಾದ ಮೇಲೆ ಬಿದ್ದು ಊರೂರುಗಳನ್ನು ಸುಡುತ್ತಿದ್ದ ಕಾಲವದು. ವೈದ್ಯರನ್ನು ಕಳಿಸಿಕೊಡಿರೆಂದು ಚೀನೀ ಸೇನಾನಿ ಝು ದೆ ಅವರು ನೆಹರೂರವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆಯಿತ್ತರು. ತಾನೇ ಪರಾಧೀನವಾಗಿದ್ದ ದೇಶವೊಂದು ನೆರೆಯ ದೇಶದ ಗಾಯಕ್ಕೆ ಪಟ್ಟಿ ಕಟ್ಟಲು ಹಣ ಕೂಡಿಸಿತು. ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್ — ಈ ಐವರು 1938ರ ಸೆಪ್ಟೆಂಬರ್ 1ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಕ್ಯಾಂಟನ್ ಬಂದರಿನಲ್ಲಿ ಇಳಿದು ಹಾನ್‌ಕೌ ತಲುಪಿ ಅಲ್ಲಿನ ಗಾಯಾಳುಗಳ ಶುಶ್ರೂಷೆಗೆ ನಿಂತರು. ಅಕ್ಟೋಬರ್ ಮುಗಿಯುವ ಮೊದಲೇ ಆ ನಗರ ಶತ್ರುವಿನ ವಶವಾಯಿತು. ವೈದ್ಯರು ನದಿಯ ಮೇಲ್ದಂಡೆಯತ್ತ ಸಾಗಿ ಚುಂಗ್‌ಕಿಂಗ್ ಸೇರಿದರು. ನಮ್ಮ ಹುಡುಗಿ ಹೋಗಬಯಸಿದ್ದು ಅದೇ ಹಾನ್‌ಕೌ ಇರುವ ನಗರಕ್ಕೆ.

ಚುಂಗ್‌ಕಿಂಗಿನಲ್ಲಿ ಎರಡು ಘಟನೆಗಳು ನಡೆದವು. ಶಾಂತಿನಿಕೇತನದ ಚೀನಾಭವನದ ಪ್ರಾಧ್ಯಾಪಕ ತಾನ್ ಯುನ್-ಶಾನ್ ಅವರು ಆಗ ಅಲ್ಲಿಗೆ ಬಂದಿದ್ದರು. ಅವರು ಐವರು ವೈದ್ಯರಿಗೂ ಚೀನೀ ಹೆಸರುಗಳನ್ನಿಟ್ಟು, ಪ್ರತಿಯೊಂದರ ಕೊನೆಗೂ ಚೀನಾವನ್ನು ಸೂಚಿಸುವ 'ಹುವಾ' ಎಂಬ ಪದ ಸೇರಿಸಿದರು. ಕೋಟ್ನಿಸರು 'ಕೆ ದಿಹುವಾ' ಆದರು. ಇದು ಮೊದಲನೆಯದು. ಸೊಲ್ಲಾಪುರದಲ್ಲಿ ತಂದೆ ತೀರಿಕೊಂಡರೆಂಬ ಸುದ್ದಿ ಅವರಿಗೆ ಮುಟ್ಟಿದ್ದು ಎರಡನೆಯದು. ಜೊತೆಯವರು ಊರಿಗೆ ಹೋಗಿ ಬಾ ಎಂದರು. ಅವರು ಹೋಗಲಿಲ್ಲ. ಮುಂದಿನ ದಾರಿ ಯೆನಾನಿಗೆ. 1939ರ ಫೆಬ್ರವರಿಯಲ್ಲಿ ಅಲ್ಲಿ ತಲುಪಿದರು.

ತಾನ್ ಯುನ್-ಶಾನ್ ಅವರ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅವರು 1928ರಲ್ಲಿ ಟಾಗೋರರ ಆಹ್ವಾನದಂತೆ ಶಾಂತಿನಿಕೇತನಕ್ಕೆ ಬಂದು ಚೀನೀ ಭಾಷೆ ಕಲಿಸತೊಡಗಿದರು. ಅದರೊಂದಿಗೆ ತಾವೂ ಸಂಸ್ಕೃತ ಕಲಿಯಲು ಕುಳಿತರು. ಅವರ ಪರಿಶ್ರಮದಿಂದ 1937ರ ಏಪ್ರಿಲ್ 14ರಂದು ಚೀನಾಭವನ ಆರಂಭವಾಯಿತು. ನಮ್ಮ ದೇಶಕ್ಕೆ ಭಾಷೆ ಕಲಿಸಲು ಬಂದ ಚೀನೀ ಗುರುವೊಬ್ಬರು ಚೀನಾಕ್ಕೆ ಹೋದ ನಮ್ಮ ವೈದ್ಯರಿಗೆ ನಾಮಕರಣ ಮಾಡಿದ್ದು ಆಕಸ್ಮಿಕವೇ ಇರಬಹುದು; ನನಗಂತೂ ಅದನ್ನು ನೆನೆದಾಗಲೆಲ್ಲ ಸಂತೋಷವಾಗುತ್ತದೆ.

ಇನ್ನು ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಕೋಟ್ನಿಸರು ಚೀನಾಕ್ಕೆ ಹೋದದ್ದು ವೈದ್ಯರಾಗಿ. ಅಲ್ಲಿ ಅವರು ಮೊದಲು ಆದದ್ದು ವಿದ್ಯಾರ್ಥಿ. ಹಗಲೆಲ್ಲ ಶಸ್ತ್ರಚಿಕಿತ್ಸೆ, ರಾತ್ರಿ ಚೀನೀ ಅಕ್ಷರಾಭ್ಯಾಸ. ಅವರಿಗಿಂತ ಮೊದಲು ಅದೇ ರಣಭೂಮಿಯಲ್ಲಿ ದುಡಿದು 1939ರ ನವೆಂಬರ್ 12ರಂದು ಮಡಿದ ಕೆನಡಾದ ನಾರ್ಮನ್ ಬೆಥೂನ್ ಮಹಾನುಭಾವರೇ ಸರಿ. ಆದರೆ ಅವರು ದುಭಾಷಿಯ ನೆರವಿನಿಂದ ಮಾತನಾಡಬೇಕಾಗಿತ್ತು. ಕೋಟ್ನಿಸರು ಚೀನೀ ಭಾಷೆಯಲ್ಲಿಯೇ ರೋಗಿಯನ್ನು ವಿಚಾರಿಸಿದರು. ಬೆಥೂನರ ಹೆಸರಿನ ವೈದ್ಯಶಾಲೆಯಲ್ಲಿ ಚೀನೀ ಭಾಷೆಯಲ್ಲಿಯೇ ಪಾಠ ಹೇಳಿದರು. ಶಸ್ತ್ರವೈದ್ಯವನ್ನು ಕುರಿತು ವಿದ್ಯಾರ್ಥಿಗಳಿಗಾಗಿ ಪಠ್ಯವನ್ನೂ ಬರೆದರು. 1941ರ ಜನವರಿಯಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಆ ಶಾಲೆಯಲ್ಲಿ ಶುಶ್ರೂಷಾಶಾಸ್ತ್ರ ಬೋಧಿಸುತ್ತಿದ್ದ ಗುವೋ ಚಿಂಗ್‌ಲಾನ್ ಎಂಬ ತರುಣಿ, ಈ ಪರದೇಶಿ ತಮ್ಮ ಭಾಷೆಯನ್ನಾಡುವುದನ್ನೂ ಬರೆಯುವುದನ್ನೂ ಕಂಡು ಬೆರಗಾದರು. ಅದೇ ವರ್ಷದ ಕೊನೆಯಲ್ಲಿ ಇಬ್ಬರಿಗೂ ವಿವಾಹವಾಯಿತು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ 'ಯಿನ್‌ಹುವಾ' ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಇಷ್ಟನ್ನು ಹೇಳುತ್ತಿದ್ದಾಗ ಹುಡುಗಿಯ ಕಣ್ಣು ಅರಳಿತ್ತು. ತಾಯಿ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಅವರು ತಿರುಗಿ ಊರಿಗೆ ಬಂದ್ರಾ?"

ಸುಳ್ಳು ಹೇಳುವಂತಿರಲಿಲ್ಲ. ಉಳಿದ ನಾಲ್ವರು ಬೇರೆ ಬೇರೆ ಕಾಲದಲ್ಲಿ ತಾಯ್ನಾಡಿಗೆ ಮರಳಿದರು. ಕೋಟ್ನಿಸರು ಮರಳಲಿಲ್ಲ. ಮೂರ್ಛೆರೋಗ ಮತ್ತೆ ಮತ್ತೆ ಬಂದು, 1942ರ ಡಿಸೆಂಬರ್ 9ರಂದು, ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬದಿರುವಾಗ ತೀರಿಕೊಂಡರು. ವಯಸ್ಸು 32. ಖ್ವಾಜಾ ಅಹಮದ್ ಅಬ್ಬಾಸರು ಅವರ ಕಥೆಯನ್ನು ಬರೆದ ಪುಸ್ತಕದ ಹೆಸರೇ ಒಬ್ಬರು ಮರಳಿ ಬರಲಿಲ್ಲವೆಂಬ ಅರ್ಥದ್ದು, ಅದನ್ನಾಧರಿಸಿ ವಿ. ಶಾಂತಾರಾಂ 1946ರಲ್ಲಿ ಚಲನಚಿತ್ರ ತೆಗೆದರು. ಹಬೇ ಪ್ರಾಂತದ ರಾಜಧಾನಿ ಶಿಜಿಯಾಝುವಾಂಗ್ ಮಹಾನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಸಮಾಧಿಯಿದೆ. ಮಗ ಯಿನ್‌ಹುವಾ ವೈದ್ಯವಿದ್ಯೆ ಓದುತ್ತಿರುವಾಗಲೇ 1967ರಲ್ಲಿ ತೀರಿಹೋದ. ಪತ್ನಿ ಗುವೋ ಚಿಂಗ್‌ಲಾನ್ 2012ರವರೆಗೆ ಬಾಳಿದರು. ಗಂಡನ ಮನೆಯವರನ್ನು ಕಾಣಲು ಹಲವು ಸಲ ಭಾರತಕ್ಕೆ ಬಂದಿದ್ದರು.

ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ನಾನು ಕಥೆ ಹೇಳಿ ಮಗಳ ಪಕ್ಷ ವಹಿಸಿದೆನೋ ತಾಯಿಯ ಪಕ್ಷ ವಹಿಸಿದೆನೋ ನನಗೇ ತಿಳಿಯದಾಯಿತು.

ಭಾಷೆ ಕಲಿಸುವುದೆಂದರೆ ಏನು? ಚೀನೀ ಭಾಷೆಯಲ್ಲಿ 'ಮಾ' ಎಂಬ ಒಂದೇ ಧ್ವನಿ ಸ್ವರದ ಏರಿಳಿತಕ್ಕೆ ತಕ್ಕಂತೆ ತಾಯಿ, ಸೆಣಬು, ಕುದುರೆ, ಬೈಗುಳು ಎಂಬ ಅರ್ಥಗಳನ್ನು ಕೊಡುತ್ತದೆ. ತಾಯಿಯನ್ನು ಕೂಗಹೋಗಿ ಕುದುರೆಯನ್ನು ಕೂಗಿದಂತಾಗುವುದು ಅಲ್ಲಿ ದಿನದಿನದ ಅನುಭವ. ವೇದಪಾಠದಲ್ಲಿ ಉದಾತ್ತ ಅನುದಾತ್ತಗಳು ಪಲ್ಲಟಗೊಂಡು 'ಇಂದ್ರಶತ್ರು' ಎಂಬ ಪದವೇ ಯಜಮಾನನನ್ನು ಕೊಂದ ಕಥೆಯನ್ನು ಪಾಠಶಾಲೆಯಲ್ಲಿ ಓದಿದವರಿಗೆ ಇದು ಬೇಗ ಅರ್ಥವಾದೀತು. ನಮಗೆ ಕರೆ ಬೇರೆ, ಕೆರೆ ಬೇರೆ, ಕೇರಿ ಬೇರೆ. ಹೊರಗಿನವರಿಗೆ ಮೂರೂ ಒಂದೇ. ಅವರ ಕಿವಿಗೆ ಏನು ಕೇಳಿಸುತ್ತಿಲ್ಲವೆಂಬುದನ್ನು ಅರಿಯದವನು ಎಷ್ಟು ಗಟ್ಟಿಯಾಗಿ ಕೂಗಿದರೂ ಪಾಠವಾಗದು. ಅದನ್ನು ಅರಿಯಬೇಕಾದರೆ ಅವರ ಭಾಷೆಯನ್ನು ತಾನು ಕಲಿತು, ತಾನೂ ತಪ್ಪಿ ನಗೆಗೀಡಾಗಿರಬೇಕು.

ನಮ್ಮ ಎರಡು ದೇಶಗಳ ನಡುವಿನ ಅತ್ಯಂತ ಹಳೆಯ ವ್ಯವಹಾರವೇ ಭಾಷೆಯ ವ್ಯವಹಾರ. ಕಾಶ್ಮೀರದ ತಂದೆಗೆ ಕೂಚಾದಲ್ಲಿ ಹುಟ್ಟಿದ ಕುಮಾರಜೀವ ಕ್ರಿ.ಶ. 401ರಲ್ಲಿ ಚಾಂಗಾನ್ ನಗರಕ್ಕೆ, ಎಂದರೆ ಇಂದಿನ ಶೀಆನ್‌ಗೆ ಬಂದ. ಅದಕ್ಕೆ ಮೊದಲು ಹದಿನಾರು ಹದಿನೇಳು ವರ್ಷ ಚೀನಾದ ಗಡಿನಾಡಿನಲ್ಲಿ ಸೆರೆಯಾಳಿನಂತೆ ಕಳೆದಿದ್ದ. ಚೀನೀ ಭಾಷೆ ಅವನಿಗೆ ಕೈವಶವಾದದ್ದು ಆ ಕಷ್ಟಕಾಲದಲ್ಲಿ. ಚಾಂಗಾನದಲ್ಲಿ ನೂರಾರು ಭಿಕ್ಷುಗಳ ಸಭೆಯಲ್ಲಿ ಅವನು ಮೂಲವನ್ನು ಬಿಡಿಸಿ ಹೇಳುವುದು, ಅವರು ಚರ್ಚಿಸುವುದು, ಒಪ್ಪಿದ ಮಾತನ್ನು ಬರೆದುಕೊಳ್ಳುವುದು — ಹೀಗೆ ಬೌದ್ಧಗ್ರಂಥಗಳು ಚೀನೀ ಭಾಷೆಗೆ ಇಳಿದವು. ಅತ್ತಣಿಂದ ಬಂದವರಲ್ಲಿ ಹ್ಯೂಯೆನ್‌ತ್ಸಾಂಗ್ ನಾಲಂದೆಯಲ್ಲಿ ಶೀಲಭದ್ರರ ಪಾದದ ಬಳಿ ಕುಳಿತ. ಪಾಣಿನಿಯ ಹುಟ್ಟೂರು ಶಲಾತುರವನ್ನು ಕಂಡು ಬರೆದಿಟ್ಟ. ದಕ್ಷಿಣಕ್ಕೂ ಬಂದು ನಮ್ಮ ಇಮ್ಮಡಿ ಪುಲಕೇಶಿಯ ನಾಡನ್ನು ನೋಡಿದ. ಇಲ್ಲಿಯ ಜನ ಉಪಕಾರವನ್ನು ಮರೆಯುವವರಲ್ಲ, ಅವಮಾನವನ್ನೂ ಮರೆಯುವವರಲ್ಲವೆಂದು ಅವನು ಹೇಳಿದ್ದಾನೆ. ಎರಡನೆಯ ಮಾತು ನಮ್ಮ ಪಂಚಾಯಿತಿ ರಾಜಕೀಯವನ್ನು ನೋಡಿದರೆ ಇಂದಿಗೂ ಸುಳ್ಳಲ್ಲ. 671ರಲ್ಲಿ ಹೊರಟ ಇತ್ಸಿಂಗ್ ನೇರವಾಗಿ ಭಾರತಕ್ಕೆ ಬರಲಿಲ್ಲ. ಸುಮಾತ್ರಾದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಮೊದಲು ಸಂಸ್ಕೃತ ವ್ಯಾಕರಣ ಕಲಿತ.

"ನೀನು ಚೀನೀ ಭಾಷೆ ಎಷ್ಟು ಕಲಿತಿದ್ದೀ ತಾಯಿ?" ಎಂದು ಹುಡುಗಿಯನ್ನು ಕೇಳಿದೆ.

"ಅದು ಬೇಕಾಗಿಲ್ಲವಂತೆ ಗುರುಗಳೇ. ಬರೀ ಇಂಗ್ಲಿಷಿನಲ್ಲಿ ಮಾತನಾಡಿದರೆ ಸಾಕು ಎಂದಿದ್ದಾರೆ."

ಆಗಲೇ ನನಗೆ ಮೊದಲ ಅನುಮಾನ ಬಂದದ್ದು. ವೀಸಾ ಯಾವುದೆಂದು ಕೇಳಿದಾಗ ಅದು ಬಲಿಯಿತು. ಮೊದಲು ಪ್ರವಾಸಿ ವೀಸಾದಲ್ಲಿ ಹೋಗುವುದು, ಅಲ್ಲಿಗೆ ಮುಟ್ಟಿದ ಮೇಲೆ ಅವರೇ ಬದಲಾಯಿಸಿ ಕೊಡುವರು ಎಂದಳು.

ವಿದೇಶಾಂಗ ವ್ಯವಹಾರ ಬಲ್ಲ ನನ್ನ ಶಿಷ್ಯರೊಬ್ಬರು ಬೆಂಗಳೂರಿನಲ್ಲಿದ್ದಾರೆ. ಅವರನ್ನು ವಿಚಾರಿಸಿ, ಅವರು ತೋರಿಸಿದ ಕಾಗದಪತ್ರಗಳನ್ನು ಓದಿ ತಿಳಿದುದನ್ನು ವಾಚಕರಿಗೆ ಹೇಳುತ್ತೇನೆ. ಮಕ್ಕಳನ್ನು ಹೊರಗೆ ಕಳಿಸುವವರು ದಯವಿಟ್ಟು ಗಮನವಿಟ್ಟು ಓದಬೇಕು. ಚೀನಾದಲ್ಲಿ ಕೆಲಸ ಮಾಡುವವರಿಗೆ 'ಜೆಡ್' ವರ್ಗದ ವೀಸಾ, ಅನಂತರ ಕೆಲಸದ ಪರವಾನಗಿ ಮತ್ತು ವಾಸದ ಪರವಾನಗಿ ಬೇಕು. 'ಎಲ್' ವರ್ಗದ ಪ್ರವಾಸಿ ವೀಸಾ ನೋಡಿಬರುವವರಿಗೆ ಮಾತ್ರ. ಅದರ ಮೇಲೆ ಹತ್ತು ತಿಂಗಳು ಪಾಠ ಹೇಳುವಂತಿಲ್ಲ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನಂತೆ ಪರವಾನಗಿಯಿಲ್ಲದೆ ಕೆಲಸ ಮಾಡಿದ ಪರದೇಶಿಯರಿಗೆ 5,000ದಿಂದ 20,000 ಯುವಾನ್‌ವರೆಗೆ ದಂಡ. ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನ. ದೇಶದಿಂದ ಹೊರಗೆ ಕಳಿಸುವುದೂ ಉಂಟು. ಸಂಬಳವಿಲ್ಲದ ಸೇವೆಯೆಂದು ಹೇಳಿದ ಮಾತ್ರಕ್ಕೆ ರಕ್ಷಣೆ ಸಿಕ್ಕದು. ಅದರಲ್ಲೂ ವಸತಿ, ಊಟ, ಕೈಖರ್ಚು ಕೊಟ್ಟು ಶುಲ್ಕ ತೆರುವ ಮಕ್ಕಳಿಗೆ ಪಾಠ ಹೇಳಿಸಿದರೆ ಅದನ್ನು ಸೇವೆಯೆಂದು ಯಾವ ಅಧಿಕಾರಿ ಒಪ್ಪುವನು?

ಇನ್ನೊಂದು ನಿಯಮ ನನಗೆ ವಿಚಿತ್ರವೆನಿಸಿದರೂ ಯೋಚಿಸಿದಷ್ಟೂ ಅರ್ಥವುಳ್ಳದ್ದೆಂದು ತೋರಿತು. ಭಾಷೆ ಕಲಿಸಲು ಬರುವ ಪರದೇಶಿಯರು ತತ್ತ್ವತಃ ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಪದವಿ ಪಡೆದಿರಬೇಕು, ಸಾಮಾನ್ಯವಾಗಿ ಎರಡು ವರ್ಷಗಳ ಬೋಧನಾನುಭವವೂ ಇರಬೇಕು. ಇಂಗ್ಲಿಷಿಗಾದರೆ ಅದು ತಾಯ್ನುಡಿಯಾಗಿರುವ ದೇಶಗಳವರನ್ನೇ ಅಲ್ಲಿ ನೇಮಿಸಿಕೊಳ್ಳುವುದು. ಎಂದರೆ ನಮ್ಮ ಹೊಳಲ್ಕೆರೆ ತಾಲ್ಲೂಕಿನ ಹುಡುಗಿ ಇಂಗ್ಲಿಷ್ ಎಷ್ಟೇ ಶುದ್ಧವಾಗಿ ಬಲ್ಲವಳಾದರೂ ಆ ದಾರಿಯಲ್ಲಿ ಪರವಾನಗಿ ಸಿಕ್ಕುವುದು ಬಲು ಕಷ್ಟ. ಮಧ್ಯವರ್ತಿಗೆ ಇದು ತಿಳಿದಿತ್ತು. ಆದುದರಿಂದಲೇ ಪ್ರವಾಸಿ ವೀಸಾದ ಮಾತು. ಮೇಲಾಗಿ 2021ರ ಜುಲೈನಲ್ಲಿ ಚೀನಾ ಸರ್ಕಾರ ಮನೆಪಾಠದ ವ್ಯಾಪಾರವನ್ನು ಬಿಗಿಯಾಗಿ ನಿಯಂತ್ರಿಸಿದ ಮೇಲೆ ಅಂಥ ಅನೇಕ ಸಂಸ್ಥೆಗಳು ಬಾಗಿಲು ಹಾಕಿವೆ. ಉಳಿದವುಗಳಲ್ಲಿ ಮರೆಯಲ್ಲಿ ನಡೆಯುವವು ಯಾವುವು, ನೇರವಾಗಿ ನಡೆಯುವವು ಯಾವುವು ಎಂದು ಚಿಕ್ಕಜಾಜೂರಿನಲ್ಲಿ ಕುಳಿತು ತಿಳಿಯುವುದು ಹೇಗೆ? ವಿದೇಶೀ ಉದ್ಯೋಗಕ್ಕೆ ಜನರನ್ನು ಕಳಿಸುವ ಮಧ್ಯವರ್ತಿಗಳು 1983ರ ವಲಸೆ ಕಾಯಿದೆಯಂತೆ ನಮ್ಮ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಪಟ್ಟಿಯನ್ನು ವಿದೇಶಾಂಗ ಸಚಿವಾಲಯ ಪ್ರಕಟಿಸುತ್ತದೆ. ಈ ವ್ಯಕ್ತಿಯ ಹೆಸರು ಅದರಲ್ಲಿರಲಿಲ್ಲ.

ದಾಸೋಹದ ಮಾತಿಗೆ ನಾನು ಉತ್ತರ ಕೊಟ್ಟದ್ದು ಆ ಬಳಿಕ. ದಾಸೋಹಕ್ಕೆ ಮೊದಲು ಕಾಯಕವಿರಬೇಕು, ಕಾಯಕ ಸತ್ಯಶುದ್ಧವಾಗಿರಬೇಕು. ಅಧಿಕಾರಿಯ ಮುಂದೆ 'ನಾನು ನೋಡಲು ಬಂದವಳು' ಎಂದು ಸುಳ್ಳಾಡಿ ಒಳಹೊಕ್ಕು ಮಾಡುವ ಸೇವೆಯ ಬುಡದಲ್ಲಿಯೇ ಅಸತ್ಯ ಸೇರಿಕೊಂಡಿತು. ನೀಡುವವರಿಂದ ಇಪ್ಪತ್ತೈದು ಸಾವಿರ ರೂಪಾಯಿ ಕಿತ್ತುಕೊಂಡು ನಡೆಸುವುದನ್ನು ದಾಸೋಹವೆಂದು ಕರೆದರೆ ಆ ಪದಕ್ಕೇ ಅಪಚಾರ. ಹುಡುಗಿ ಇದಕ್ಕೆ ಎದುರಾಡಲಿಲ್ಲ. "ಹಾಗಾದರೆ ಹೋಗುವುದೇ ತಪ್ಪೇ?" ಎಂದಳು. ತಪ್ಪಲ್ಲವೆಂದೆ. ತಾಯಿ ನನ್ನತ್ತ ನೋಡಿದ ನೋಟವನ್ನು ಮರೆಯುವಂತಿಲ್ಲ.

ಏಕೆ ತಪ್ಪಲ್ಲವೆಂದೆನೋ ಹೇಳಬೇಕಾದರೆ ನನ್ನದೊಂದು ಹಳೆಯ ಸಂಗತಿ ಹೇಳಬೇಕು. ಮಠದ ಪಾಠಶಾಲೆಯಲ್ಲಿ ನನ್ನ ಓದು ಮುಗಿದ ವರ್ಷ ನಮ್ಮ ಗುರುಗಳು ಕರೆದು, ಗಡಿಯಾಚೆ ಅಕ್ಕಲಕೋಟೆಯ ಸೀಮೆಯಲ್ಲಿ ಕನ್ನಡ ಮಕ್ಕಳಿಗೆ ಪಾಠ ಹೇಳಲು ಎರಡು ವರ್ಷ ಹೋಗಿ ಬಾ ಎಂದರು. ಊಟ ವಸತಿಯಷ್ಟೇ, ಸಂಬಳವಿಲ್ಲ. ನಮ್ಮ ತಾಯಿ ಅತ್ತರು. ಅವರ ಕಣ್ಣೀರನ್ನು ನೆಪ ಮಾಡಿಕೊಂಡು ನಾನು ಹಿಂಜರಿದೆ. ಗುರುಗಳು ಗದರಿಸಲಿಲ್ಲ, ಮತ್ತೆಂದೂ ಆ ಮಾತೆತ್ತಲೂ ಇಲ್ಲ. ಅದೇ ಸೀಮೆಯಲ್ಲಿ, ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿ, ಮರಾಠಿಯಲ್ಲಿ ಶಾಲೆ ಕಲಿತು, ಕನ್ನಡವನ್ನು ತಾವಾಗಿ ಸಾಧಿಸಿ ಸಿದ್ಧರಾಮರ ಪುರಾಣವನ್ನೇ ರಚಿಸಿದ ಜಯದೇವಿತಾಯಿ ಲಿಗಾಡೆಯವರ ಹೆಸರನ್ನು, ಅವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆಯೆಂಬ ಹೆಮ್ಮೆಯನ್ನು, ನಾನು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಒಳಗೊಂದು ಮುಳ್ಳು ಅಲುಗುತ್ತದೆ. ಅಕ್ಕಲಕೋಟೆ ನಮ್ಮೂರಿಂದ ಒಂದು ರಾತ್ರಿಯ ಪಯಣ. ನಾನು ಅಷ್ಟಕ್ಕೂ ಹೊರಡಲಿಲ್ಲ.

ತಂದೆ ಅಲ್ಲಿಯವರೆಗೆ ಸುಮ್ಮನಿದ್ದವರು ವ್ಯವಹಾರದ ಪ್ರಶ್ನೆಗಳನ್ನು ಕೇಳತೊಡಗಿದರು. ಊಟದ ಗತಿಯೇನು? ಚೀನಾದಲ್ಲಿ ಎಲ್ಲವೂ ಮಾಂಸಮಯವೆಂಬುದು ನಮ್ಮವರ ಎಣಿಕೆ. ಆರನೆಯ ಶತಮಾನದ ಲಿಯಾಂಗ್ ವಂಶದ ವೂ ಎಂಬ ಅರಸ ಬೌದ್ಧ ಭಿಕ್ಷುಗಳಿಗೆ ಮಾಂಸವನ್ನು ನಿಷೇಧಿಸಿದಂದಿನಿಂದ ಅಲ್ಲಿಯ ವಿಹಾರಗಳಲ್ಲಿ ಶಾಕಾಹಾರದ ಪರಂಪರೆ ಇದೆ. ದೊಡ್ಡ ನಗರಗಳಲ್ಲಿ ವಿಹಾರಗಳ ಸುತ್ತಮುತ್ತ ಶಾಕಾಹಾರದ ಊಟದ ಮನೆಗಳು ಸಿಗುತ್ತವೆ. 'ವೋ ಛಿ ಸು' — ನಾನು ಶಾಕಾಹಾರಿ — ಎಂಬ ಮೂರಕ್ಷರ ಕಲಿತರೆ ಉಪವಾಸವಿರಬೇಕಾಗಿಲ್ಲ. ಆದರೂ ಎಣ್ಣೆ ಸಾರುಗಳ ವಿಷಯದಲ್ಲಿ ಎಚ್ಚರವಿರಬೇಕು. ಅಕ್ಕಿ, ತರಕಾರಿ, ಸೋಯಾ ಗಿಣ್ಣು ಎಲ್ಲೆಡೆ ದೊರೆಯುವುದರಿಂದ ತಾನೇ ಬೇಯಿಸಿಕೊಳ್ಳುವುದು ಲೇಸು. ಪೂಜೆಯ ಗತಿಯೇನು? ಈ ಪ್ರಶ್ನೆಗೆ ನನಗೆ ನಗೆ ಬಂದಿತು. ದೇವರನ್ನು ಎದೆಯ ಮೇಲೆ ಧರಿಸಿ ನಡೆಯುವ ಧರ್ಮ ನಮ್ಮದು. ಗುಡಿಯ ಹಂಗಿಲ್ಲ, ಪೂಜಾರಿಯ ಹಂಗಿಲ್ಲ. ಚಿಟಿಕೆ ವಿಭೂತಿ ಮತ್ತು ಅಂಗೈಯಗಲ ಜಾಗ ಸಾಕು. ಪಾಸ್‌ಪೋರ್ಟು ದೇಹಕ್ಕೆ ಬೇಕು, ಇಷ್ಟಲಿಂಗಕ್ಕೆ ಬೇಡ.

ತಾಯಿಯ ಪ್ರಶ್ನೆ ಮಾತ್ರ ಕಠಿಣವಾಗಿತ್ತು: "ದಿನಾ ಮಾತಾಡ್ಬೋದಾ?" ವಾಟ್ಸಾಪ್ ಚೀನಾದಲ್ಲಿ ನಡೆಯದು, ಗೂಗಲ್ಲಿಗೂ ಅಲ್ಲಿ ತಡೆ. ಅಲ್ಲಿ ಎಲ್ಲರೂ ಬಳಸುವ ವೀಚಾಟ್ ಅನ್ನು ನಮ್ಮ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿದೆ. ಎರಡು ಸರ್ಕಾರಗಳ ಜಗಳದಲ್ಲಿ ತಾಯಿಮಗಳ ಮಾತಿಗೂ ಬೇಲಿ ಬಿದ್ದಿದೆ. ಸಾಮಾನ್ಯ ದೂರವಾಣಿ ಕರೆಯಿದೆ, ಖರ್ಚು ಹೆಚ್ಚು, ಇ-ಮೇಲ್ ಇದೆ. ಇಲ್ಲಿ ಸಂಜೆ ಏಳಾದರೆ ಅಲ್ಲಿ ರಾತ್ರಿ ಒಂಬತ್ತೂವರೆ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಮತ್ತೆ ಆರಂಭವಾದವು. ಈ ಕುಟುಂಬ ನಮ್ಮ ಮನೆಗೆ ಬಂದಾಗ ಅದೂ ಇರಲಿಲ್ಲ. ಇದಾವುದನ್ನೂ ಮುಚ್ಚಿಡದೆ ಹೇಳಿದೆ.

ಪಾಠ ಹೇಳುವ ದಾಸೋಹಕ್ಕೆ ಬೇರೆ ಮಾದರಿಗಳಿಲ್ಲವೇ ಎಂದರೆ ಇವೆ. ದುಬೈಯಲ್ಲಿ ನಮ್ಮವರು ವಾರಾಂತ್ಯದ ಕನ್ನಡ ಪಾಠಶಾಲೆ ತೆರೆದು, ಅಲ್ಲಿಯೇ ದುಡಿಯುವ ತಾಯಂದಿರೂ ತಂದೆಗಳೂ ಸೇರಿ, ಕನ್ನಡಿಗರ ಮಕ್ಕಳಿಗೆ ಉಚಿತವಾಗಿ ಅಕ್ಷರ ಕಲಿಸುತ್ತಿದ್ದಾರೆ. ಅಮೆರಿಕದ ಹಲವು ಊರುಗಳಲ್ಲಿಯೂ ಇಂಥವು ನಡೆಯುತ್ತಿವೆ. ನಮ್ಮ ತಾಯ್ನುಡಿಯನ್ನು ನಮ್ಮ ಮಕ್ಕಳಿಗೆ ಕಲಿಸುವುದಕ್ಕೂ ಪರರ ಭಾಷೆಯನ್ನು ಪರರ ಮಕ್ಕಳಿಗೆ ಕಲಿಸುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಹುಡುಗಿ ಬೇಗ ಗ್ರಹಿಸಿದಳು. ಚೀನಾದ ಆ ನಿಯಮದಲ್ಲಿ ಅರ್ಥವಿದೆಯೆಂದು ನಾನು ಹೇಳಿದ್ದು ಇದಕ್ಕಾಗಿಯೇ.

ಅಂದು ರಾತ್ರಿ ಅವರು ನಮ್ಮಲ್ಲಿಯೇ ಪ್ರಸಾದ ಸ್ವೀಕರಿಸಿ ಹೋದರು. ಮರುದಿನ ಹುಡುಗಿ ಮಧ್ಯವರ್ತಿಗೆ ಮೂರು ಪ್ರಶ್ನೆಗಳನ್ನು ಬರೆದು ಕಳಿಸಿದಳು: ವೀಸಾ ಯಾವ ವರ್ಗದ್ದು, ಕರೆಯುವ ಶಾಲೆಯ ಪರವಾನಗಿಯ ಪ್ರತಿ ಎಲ್ಲಿದೆ, ತನಗಿಂತ ಮೊದಲು ಹೋಗಿಬಂದ ಯಾರಾದರೊಬ್ಬರ ದೂರವಾಣಿ ಸಂಖ್ಯೆ ಕೊಡುವಿರಾ. ಮೂರಕ್ಕೂ ಉತ್ತರ ಬರಲಿಲ್ಲ. ಬೇಗ ಉಳಿದ ಹಣ ಕಟ್ಟಬೇಕೆಂಬ ಒತ್ತಾಯ ಮಾತ್ರ ಬಂದಿತು. ಆಕೆ ಹಿಂದೆ ಸರಿದಳು. ಕಟ್ಟಿದ ಹಣ ಮರಳಲಿಲ್ಲ. ತಂದೆ ಅದನ್ನು ಕುರಿತು ಒಂದು ಕಠಿಣ ಮಾತನ್ನೂ ಆಡಲಿಲ್ಲವೆಂದು ಆಕೆಯೇ ನನಗೆ ಹೇಳಿದಳು. ಆ ವರ್ಷ ಕೊಳೆಯಿಂದ ತೋಟದ ಫಸಲು ಹಾಳಾಗಿತ್ತೆಂಬುದನ್ನು ಬಲ್ಲ ನನಗೆ ಆ ಮೌನದ ಬೆಲೆ ತಿಳಿದಿದೆ.

ದಸರಾ ರಜೆಯಲ್ಲಿ ನಾವೆಲ್ಲ ಸೇರಿ ಸೊಲ್ಲಾಪುರಕ್ಕೆ ಹೋದೆವು. ಆ ಕಡೆಯ ರೈಲು ನಮ್ಮೂರ ನಿಲ್ದಾಣದ ಮೂಲಕವೇ ಹಾದುಹೋಗುವುದರಿಂದ ಕಷ್ಟವಾಗಲಿಲ್ಲ. ಕೋಟೆಯ ಮಗ್ಗುಲಲ್ಲಿ ಸಿದ್ಧರಾಮರ ಕೆರೆ, ನೀರಿನ ನಡುವೆ ಗುಡಿ. ದರ್ಶನ ಮುಗಿಸಿ ಊರೊಳಗೆ ಕೋಟ್ನಿಸರ ಸ್ಮಾರಕವನ್ನು ಕಂಡೆವು. ತಾಯಿ ಅವರ ಭಾವಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. "ಎಷ್ಟು ಚಿಕ್ಕ ವಯಸ್ಸು" ಎಂದಷ್ಟೇ ಹೇಳಿದರು.

ಮರಳುವಾಗ ರೈಲಿನಲ್ಲಿ ಹುಡುಗಿ ಕೈಚೀಲದಿಂದ ಒಂದು ಚೌಕಳಿ ಪುಸ್ತಕ ತೆಗೆದಳು. ಪುಟದ ತುಂಬ ಚೀನೀ ಅಕ್ಷರಗಳು. ಒಂದೊಂದನ್ನೂ ಇಪ್ಪತ್ತು ಸಲ ತಿದ್ದಿದ್ದಳು. ಶಾಲೆಯ ಕೆಲಸಕ್ಕೆ ಮರಳಿ ಸೇರಿದ್ದಾಳೆ. ಬೋಧನಾನುಭವದ ಎರಡನೆಯ ವರ್ಷ ಅಲ್ಲಿಯೇ ತುಂಬಬೇಕು. ಸಂಜೆ ಕಂಪ್ಯೂಟರಿನ ಮೂಲಕ ಚೀನೀ ಕಲಿಯುತ್ತಿದ್ದಾಳೆ. 'ಎಚ್‌ಎಸ್‌ಕೆ' ಎಂಬ ಅಲ್ಲಿನ ಸರ್ಕಾರದ ಭಾಷಾ ಪರೀಕ್ಷೆಗೆ ಕುಳಿತು, ಮುಂದೆ ಶಾಂತಿನಿಕೇತನದಲ್ಲಾಗಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಾಗಲಿ ಚೀನೀ ಭಾಷೆಯನ್ನು ಕ್ರಮವಾಗಿ ಓದುವ ಎಣಿಕೆಯಿದೆ. ಅಲ್ಲಿಗೆ ಹೋಗುವುದಾದರೆ ವಿದ್ಯಾರ್ಥಿಯಾಗಿ ಹೋಗುತ್ತೇನೆ, ಕಲಿಸುವ ಮಾತು ಆಮೇಲೆ ಎಂದಳು.

ಎದುರಿಗೆ ಕುಳಿತಿದ್ದ ತಾಯಿ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದ್ರಾಗೆ ಅಮ್ಮ ಅನ್ನೋದು ಯಾವ್ದು?" ಎಂದು ಕೇಳಿದರು. ಮಗಳು ಬೆರಳಿಟ್ಟು ತೋರಿಸಿ ಉಚ್ಚರಿಸಿದಳು. ತಾಯಿಯೂ ಹೇಳಲು ನೋಡಿದರು. ಸ್ವರ ತಪ್ಪಿ ಕುದುರೆಯಾಯಿತು. ಹೋಟಗಿ ನಿಲ್ದಾಣ ಬರುವವರೆಗೂ ಇಬ್ಬರೂ ಅದನ್ನೇ ಹೇಳುತ್ತ ನಗುತ್ತಿದ್ದರು.